ಒತ್ತು, ಕಾಯು, ಒತ್ತು: ಹಳೆಯ ಟಿವಿ ಗಾಲ್ಫ್ ಆಟಗಳೊಳಗಿನ ಲೆಕ್ಕ

ಗಾಲ್ಫ್‌ನಲ್ಲಿ ಎಲ್ಲವೂ ‘ಎಷ್ಟು’ ಎಂಬುದರ ಮೇಲೆ ನಿಂತಿದೆ. ಕೋಲನ್ನು ಎಷ್ಟು ಹಿಂದಕ್ಕೆ ಎತ್ತಬೇಕು, ಎಷ್ಟು ಜೋರಾಗಿ ಬೀಸಬೇಕು, ಚೆಂಡಿಗೆ ತಾಗುವ ಗಳಿಗೆಯಲ್ಲಿ ಅದರ ಮುಖ ಎಷ್ಟು ವಾಲಿರಬೇಕು. 1980ರ ಆಸುಪಾಸಿನ ಮನೆಯ ವಿಡಿಯೋ ಗೇಮ್ ಯಂತ್ರದ ಬಟನ್‌ಗೆ ಈ ‘ಎಷ್ಟು’ ಗೊತ್ತೇ ಇಲ್ಲ. ಒತ್ತಿದ್ದಾರೋ ಇಲ್ಲವೋ, ಅದಕ್ಕೆ ತಿಳಿಯುವುದು ಅಷ್ಟೇ. ಮೆಲ್ಲಗೆ ಒತ್ತಿದರೂ ಒಂದೇ, ಮುರಿದುಹೋಗುವ ಹಾಗೆ ಒತ್ತಿದರೂ ಒಂದೇ. ಗುಂಡು ಹಾರಿಸುವ ಆಟಕ್ಕೆ, ಗೋಡೆ ಹಾರುವ ಆಟಕ್ಕೆ ಇಷ್ಟು ಸಾಕು. ಗಾಲ್ಫ್‌ಗೆ ಸಾಲದು.

ಆ ಕಾಲದಲ್ಲಿ ಈ ಆಟಗಳನ್ನು ಬರೆದವರು ಹಿಡಿದ ದಾರಿ, ಬಲವನ್ನು ಅಳೆಯಲಾಗದಿದ್ದರೆ ಸಮಯವನ್ನು ಅಳೆಯುವುದು. ಬಟನ್ ಹೇಳಬಲ್ಲದ್ದು ಹೌದು–ಇಲ್ಲ ಎರಡೇ ಆದರೂ, ಯಾವಾಗ ಹೌದು ಆಯಿತು, ಯಾವಾಗ ಇಲ್ಲ ಆಯಿತು ಎಂಬುದನ್ನು ಯಂತ್ರ ಚೆನ್ನಾಗಿ ಎಣಿಸಬಲ್ಲದು. ಹಳೆಯ ಗಾಲ್ಫ್ ಆಟಗಳ ಸೊಗಸೂ ಅವುಗಳ ತೊಂದರೆಯೂ ಹುಟ್ಟುವುದು ಇಲ್ಲಿಂದಲೇ. ಇವತ್ತಿನ ಟಿವಿಯಲ್ಲಿ ಆ ಆಟ ಹಾಕಿದಾಗ ಚೆಂಡು ಯಾಕೆ ಹೇಳಿದ ಮಾತು ಕೇಳುವುದಿಲ್ಲ ಎನ್ನುವುದಕ್ಕೂ ಇದೇ ಕಾರಣ.

ಮೊದಲು ಅಟಾರಿ 2600. 1977ರಲ್ಲಿ ಬಂದ ಈ ಯಂತ್ರಕ್ಕೆ 1980ರಲ್ಲಿ ಅಟಾರಿ ಕಂಪನಿಯೇ ‘ಗಾಲ್ಫ್’ ಹೆಸರಿನ ಆಟ ತಂದಿತು. ಒಂಬತ್ತು ಹೋಲ್ (ಚೆಂಡನ್ನು ಬೀಳಿಸಬೇಕಾದ ಕುಳಿ, ಅದರ ಮೈದಾನವೂ ಸೇರಿ), ಒಬ್ಬರು ಅಥವಾ ಇಬ್ಬರು ಆಡಬಹುದು. ಯಂತ್ರದೊಳಗಿನ ರ‍್ಯಾಮ್ 128 ಬೈಟ್. ಕಿಲೋಬೈಟ್ ಅಲ್ಲ, ಬೈಟ್. ಪರದೆಯ ಚಿತ್ರವನ್ನು ಪೂರ್ತಿಯಾಗಿ ಇಟ್ಟುಕೊಳ್ಳುವ ಜಾಗವೇ ಇಲ್ಲ. ಟಿವಿಯ ಕಿರಣ ಒಂದೊಂದು ಗೆರೆ ಎಳೆಯುವಾಗಲೂ ಆ ಗೆರೆಯಲ್ಲಿ ಏನಿರಬೇಕೆಂದು ಪ್ರೊಸೆಸರ್ ಆಗಿಂದಾಗಲೇ ಹೇಳುತ್ತಾ ಹೋಗಬೇಕು. ಒಂದು ಗೆರೆಗೆ ಸಿಗುವ ಅವಕಾಶ 76 ಸೈಕಲ್, ಅಂದರೆ ಪ್ರೊಸೆಸರ್‌ನ 76 ಪುಟ್ಟ ಹೆಜ್ಜೆ. ಹಿನ್ನೆಲೆಗೆ ಅರ್ಧ ಪರದೆಗೆ 20 ಬಿಟ್, ಉಳಿದರ್ಧಕ್ಕೆ ಅದನ್ನೇ ಮತ್ತೆ ಹಾಕಬೇಕು ಅಥವಾ ಕನ್ನಡಿಯ ಹಾಗೆ ತಿರುಗಿಸಬೇಕು, ಇಲ್ಲವೇ ಗೆರೆಯ ನಡುವೆಯೇ ಬದಲಿಸಬೇಕು. ಅಡ್ಡಕ್ಕೆ 160 ಪಿಕ್ಸೆಲ್ ಇರುವ ಪರದೆಯಲ್ಲಿ ಹಿನ್ನೆಲೆಯ ಒಂದು ತುಂಡು 4 ಪಿಕ್ಸೆಲ್ ಅಗಲ. ಆ ಕಾಲದ ಆಟಗಳಲ್ಲಿ ನೆಲದ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದರಿಂದ.

ಇಂಥದ್ದರಲ್ಲಿ ಗಾಲ್ಫ್ ಆಡಿಸಿದ್ದು ಹೀಗೆ: ಜಾಯ್‌ಸ್ಟಿಕ್ಕಿನಿಂದ ಆಟಗಾರನನ್ನು ನಡೆಸಿಕೊಂಡು ಚೆಂಡಿನ ಹತ್ತಿರ ನಿಲ್ಲಿಸಬೇಕು. ಅವನು ಚೆಂಡಿನ ಯಾವ ಬದಿಗೆ ನಿಂತ ಎಂಬುದೇ ಹೊಡೆತದ ದಿಕ್ಕು. ಬಟನ್ ಒತ್ತಿ ಹಿಡಿದರೆ ಕೋಲು ಮೇಲೇರುತ್ತದೆ, ಬಿಟ್ಟರೆ ಬೀಸುತ್ತದೆ. ಹೆಚ್ಚು ಹೊತ್ತು ಹಿಡಿದರೆ ಹೆಚ್ಚು ದೂರ. ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನಯವಾದ ಹುಲ್ಲು) ತಲುಪಿದಾಗ ಪರದೆ ಬದಲಾಗಿ ಗ್ರೀನ್ ದೊಡ್ಡದಾಗಿ ಕಾಣಿಸುತ್ತದೆ. ಈ ಕೊನೆಯ ಉಪಾಯವನ್ನು ಆಮೇಲಿನ ಆಟಗಳೂ ಬಿಡಲಿಲ್ಲ, ಬಿಡಲು ಸಾಧ್ಯವೂ ಇರಲಿಲ್ಲ. ನೂರಾರು ಗಜದ ಹೊಡೆತ ಮತ್ತು ಎರಡು ಅಡಿಯ ಪಟ್ (ಗ್ರೀನ್ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತ) ಎರಡನ್ನೂ ಒಂದೇ ನಕ್ಷೆಯಲ್ಲಿ ತೋರಿಸುವಷ್ಟು ಪಿಕ್ಸೆಲ್‌ಗಳು ಯಾರ ಬಳಿಯೂ ಇರಲಿಲ್ಲ.

ಹಿಡಿದು ಬಿಡುವ ಈ ಪದ್ಧತಿ ಕಲಿಯಲು ಸುಲಭ. ಆದರೆ ಅದರಲ್ಲೊಂದು ಕೊರತೆ ಇದೆ. ಅಳೆಯುವುದು ಒಂದೇ ಸಂಗತಿಯನ್ನು, ಅಂದರೆ ದೂರವನ್ನು. ದಿಕ್ಕನ್ನು ನಿಧಾನವಾಗಿ, ಬೇಕಾದಷ್ಟು ಹೊತ್ತು ತೆಗೆದುಕೊಂಡು ಸರಿಮಾಡಬಹುದು. ನಿಜವಾದ ಗಾಲ್ಫ್‌ನಲ್ಲಿ ಆಟಗಾರನನ್ನು ಕಾಡುವುದು ಸರಿಯಾಗಿ ಗುರಿಯಿಟ್ಟು ನಿಂತ ಮೇಲೂ ಚೆಂಡು ಬೇರೆ ಕಡೆಗೆ ಬಾಗುವುದು. ಆ ಭಯ ಇಲ್ಲಿಲ್ಲ. ಗಾಲ್ಫ್‌ನ ಆಕಾರ ಬಂದಿದೆ, ಅದರ ಕಷ್ಟ ಬಂದಿಲ್ಲ.

ಅದೇ 1980ರಲ್ಲಿ ಮ್ಯಾಟೆಲ್‌ನ ಇಂಟೆಲಿವಿಷನ್ ಯಂತ್ರಕ್ಕೆ ‘ಪಿಜಿಎ ಗಾಲ್ಫ್’ ಬಂತು, ಅಮೆರಿಕದ ವೃತ್ತಿಪರ ಗಾಲ್ಫರ್‌ಗಳ ಸಂಸ್ಥೆಯ ಹೆಸರು ಹೊತ್ತು. ಅಲ್ಲಿ ಪರಿಹಾರ ಬೇರೆ ದಿಕ್ಕಿನಿಂದ ಬಂತು. ಇಂಟೆಲಿವಿಷನ್ನಿನ ಕೈಹಿಡಿಯಲ್ಲಿ ಫೋನಿನ ಹಾಗೆ 12 ಕೀಲಿಗಳು, ಬದಿಗಳಲ್ಲಿ ಬಟನ್‌ಗಳು, ಕೆಳಗೆ 16 ದಿಕ್ಕುಗಳನ್ನು ಗುರುತಿಸುವ ದುಂಡು ಬಿಲ್ಲೆ. ಕೀಲಿಗಳ ಮೇಲೆ ಪ್ರತಿ ಆಟಕ್ಕೂ ಬೇರೆ ಪ್ಲಾಸ್ಟಿಕ್ ಹಾಳೆ ಜಾರಿಸಿ ಇಡಬೇಕು. ಗಾಲ್ಫ್‌ನ ಹಾಳೆ ಇಟ್ಟರೆ ಕೀಲಿಗಳು ಗಾಲ್ಫ್ ಕೋಲುಗಳಾದವು. ಎಂಟು ದಿಕ್ಕಿನ ಜಾಯ್‌ಸ್ಟಿಕ್ಕಿನ ಮುಂದೆ 16 ದಿಕ್ಕು ಎಂದರೆ ಗಾಲ್ಫ್‌ಗೆ ದೊಡ್ಡ ಲಾಭ. ಆದರೂ ಹೆಚ್ಚು ಬಟನ್ ಕೊಡುವುದರಿಂದ ಮೂಲ ಪ್ರಶ್ನೆ ತೀರುವುದಿಲ್ಲ. ಕೋಲು ಆಯ್ಕೆ ಮಾಡುವುದು ತಿಳುವಳಿಕೆಯ ಕೆಲಸ, ಬೀಸುವುದು ಮೈಯ ಕೆಲಸ. ಆ ಎರಡನೆಯದಕ್ಕೆ ಕೀಲಿಮಣೆ ಉತ್ತರವಲ್ಲ.

ಉತ್ತರ ಬಂದದ್ದು 1984ರ ಮೇ ತಿಂಗಳಲ್ಲಿ, ಜಪಾನಿನ ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಯಂತ್ರದಲ್ಲಿ. ನಿಂಟೆಂಡೋ ಹೊರತಂದ ಆಟದ ಹೆಸರು ಸುಮ್ಮನೆ ‘ಗಾಲ್ಫ್’. ಅದರ ಪ್ರೋಗ್ರಾಂ ಬರೆದವರು ಎಚ್‌ಎಎಲ್ ಲ್ಯಾಬೊರೇಟರಿಯ ಸತೋರು ಇವಾಟಾ, ಮುಂದೆ 2002ರಲ್ಲಿ ನಿಂಟೆಂಡೋದ ಅಧ್ಯಕ್ಷರಾದವರು. ಮೂರು ಸಲ ಒತ್ತುವ ಕ್ರಮವನ್ನು ಗಟ್ಟಿಯಾಗಿ ನೆಲೆಗೊಳಿಸಿದ ಕೀರ್ತಿ ಸಲ್ಲುವುದು ಈ ಆಟಕ್ಕೆ. ಒಂದು ಪಟ್ಟಿ ಇದೆ, ಅದರ ಮೇಲೆ ಒಂದು ಗುರುತು ಓಡುತ್ತದೆ. ಮೊದಲ ಒತ್ತಿಗೆ ಗುರುತು ಹೊರಡುತ್ತದೆ, ಕೋಲು ಹಿಂದಕ್ಕೆ ಏಳುತ್ತದೆ. ಎರಡನೆಯ ಒತ್ತು ಬಲವನ್ನು ನಿಲ್ಲಿಸುತ್ತದೆ. ಗುರುತು ವಾಪಸು ಬಂದು ನಿಗದಿಯಾದ ಜಾಗ ಮುಟ್ಟುವಾಗ ಮೂರನೆಯ ಒತ್ತು. ಅದು ಸರಿಯಾಗಿ ಬಿದ್ದರೆ ಚೆಂಡು ನೇರ, ಮುಂಚೆ ಬಿದ್ದರೆ ಒಂದು ಕಡೆಗೆ ಬಾಗುತ್ತದೆ, ತಡವಾದರೆ ಇನ್ನೊಂದು ಕಡೆಗೆ.

ಇದನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೂರು ಒತ್ತುಗಳು ನಿಜವಾದ ಬೀಸಿನ ಮೂರು ಘಟ್ಟಗಳನ್ನೇ ಹಿಡಿದಿವೆ: ಶುರು, ತುದಿ, ತಾಗು. ಹುಕ್ ಮತ್ತು ಸ್ಲೈಸ್, ಅಂದರೆ ಚೆಂಡು ಒಂದು ಕಡೆಗೆ ಅಥವಾ ಇನ್ನೊಂದು ಕಡೆಗೆ ಬಾಗುವುದು, ಇಲ್ಲಿ ತಪ್ಪಿನ ಫಲವೂ ಹೌದು, ಬೇಕೆಂದೇ ಬಳಸುವ ಆಯುಧವೂ ಹೌದು. ಮುಂದೆ ಮರವಿದ್ದರೆ ಗುರಿಯನ್ನು ಬದಿಗಿಟ್ಟು, ಮೂರನೆಯ ಒತ್ತನ್ನು ತುಸು ಹಿಂದೆಮುಂದೆ ಮಾಡಿ, ಚೆಂಡನ್ನು ಮರ ಸುತ್ತಿ ಬರುವ ಹಾಗೆ ಹೊಡೆಯಬಹುದು. ಒಂದೇ ಬಟನ್‌ನಿಂದ ಎರಡು ಅಳತೆಗಳು ಹೊರಟವು, ಎರಡೂ ಒಂದೇ ಸೆಕೆಂಡಿನ ಆಸುಪಾಸಿನಲ್ಲಿ.

ಇನ್ನು ಜಾಗದ ವಿಚಾರ. ಬೇರೆ ಕಂಪನಿಗಳು ಈ ಆಟ ಬರೆಯಲು ಒಪ್ಪಲಿಲ್ಲ, ಆಗಿನ ಕಾರ್ಟ್ರಿಜ್‌ನಲ್ಲಿ 18 ಹೋಲ್ ಹಿಡಿಸುವುದು ಆಗದ ಮಾತು ಎಂದವು, ಹಾಗಾಗಿ ದತ್ತಾಂಶ ಕುಗ್ಗಿಸುವ ವಿಧಾನವನ್ನು ತಾವೇ ಬರೆದುಕೊಳ್ಳಬೇಕಾಯಿತು ಎಂದು ಇವಾಟಾ ಹೇಳಿಕೊಂಡಿದ್ದಾರೆ. ಆಗದ ಮಾತು ಎಂದವರು ಸುಮ್ಮನೆ ಹೇಳಿದ್ದಲ್ಲ, ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ಫ್ಯಾಮಿಕಾಮ್ ಪರದೆಯನ್ನು 8×8 ಪಿಕ್ಸೆಲ್‌ನ ಬಿಲ್ಲೆಗಳಿಂದ ಕಟ್ಟುತ್ತದೆ. ಅಡ್ಡಕ್ಕೆ 32, ಉದ್ದಕ್ಕೆ 30, ಒಟ್ಟು 960 ಬಿಲ್ಲೆ. ಒಂದಕ್ಕೆ ಒಂದು ಬೈಟ್. ಬಣ್ಣಗಳ ಪಟ್ಟಿಗೆ ಇನ್ನೂ 64 ಬೈಟ್. ಒಂದು ಪರದೆಗೆ ಸರಿಯಾಗಿ 1024 ಬೈಟ್, ಅಂದರೆ 1 ಕೆಬಿ. 18 ಹೋಲ್‌ಗೆ 18 ಕೆಬಿ. ಈ ಆಟದ ಕಾರ್ಟ್ರಿಜ್‌ನಲ್ಲಿ ಪ್ರೋಗ್ರಾಂಗೆ ಇದ್ದ ಜಾಗ 16 ಕೆಬಿ, ಚಿತ್ರಗಳ ಬಿಲ್ಲೆಗಳಿಗೆ ಬೇರೆ 8 ಕೆಬಿ. ನಕ್ಷೆಗಳೇ ಮನೆ ತುಂಬಿ ಹೊರಗೆ ಚೆಲ್ಲುತ್ತವೆ, ಆಟ ನಡೆಸುವ ಒಂದು ಸಾಲು ಬರೆಯುವ ಮೊದಲೇ. ಹೋಲ್‌ನ ನಕ್ಷೆ ಅರ್ಧ ಪರದೆಯಷ್ಟೇ ಎಂದಿಟ್ಟುಕೊಂಡರೂ 9 ಕೆಬಿ ಹೋಯಿತು, ಗ್ರೀನ್‌ಗಳ ನಕ್ಷೆ ಬೇರೆ.

ಆದರೆ ಗಾಲ್ಫ್ ಮೈದಾನ ಕುಗ್ಗಿಸುವುದಕ್ಕೆ ಹೇಳಿ ಮಾಡಿಸಿದ ಚಿತ್ರ. ಒಂದು ಸಾಲಿನಲ್ಲಿ ಐದು ಬಿಲ್ಲೆ ಒರಟು ಹುಲ್ಲು, ಆರು ಬಿಲ್ಲೆ ಫೇರ್‌ವೇ (ನಡುವಿನ ಕತ್ತರಿಸಿದ ಹುಲ್ಲಿನ ದಾರಿ), ಮತ್ತೆ ಐದು ಒರಟು ಹುಲ್ಲು ಎಂದರೆ 16 ಬೈಟ್ ಬೇಕಿಲ್ಲ, ಮೂರು ಜೋಡಿ ಸಂಖ್ಯೆ ಸಾಕು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ವ್ಯತ್ಯಾಸ ಕಡಿಮೆಯಿದ್ದರೆ ಬದಲಾದಷ್ಟನ್ನೇ ಬರೆದರಾಯಿತು. ಫೇರ್‌ವೇಯ ದುಂಡನೆಯ ಅಂಚಿನ ಬಿಲ್ಲೆಗಳನ್ನು ಬರೆದಿಡುವುದೂ ಬೇಡ, ಎಡಕ್ಕೇನಿದೆ ಬಲಕ್ಕೇನಿದೆ ನೋಡಿ ಪ್ರೋಗ್ರಾಂ ತಾನೇ ಆರಿಸಬಹುದು. ಎಂಟು ಬಿಟ್ಟಿನ ಯಂತ್ರಗಳಲ್ಲಿ ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಕೈಹಾಕುವ ದಾರಿಗಳು ಇವು. ಬಿಲ್ಲೆಗಳಿಂದ ಇನ್ನೊಂದು ಅನುಕೂಲವಿದೆ. ಚೆಂಡು ಎಲ್ಲಿದೆ ಎಂಬ ಸಂಖ್ಯೆಯನ್ನು 8ರಿಂದ ಭಾಗಿಸಿದರೆ, ಅಂದರೆ ಬಿಟ್‌ಗಳನ್ನು ಮೂರು ಮನೆ ಬಲಕ್ಕೆ ಸರಿಸಿದರೆ, ಅದು ಯಾವ ಬಿಲ್ಲೆಯ ಮೇಲಿದೆ ಎಂದು ಸಿಗುತ್ತದೆ. ಆ ಬಿಲ್ಲೆ ಮರಳಿನದೋ ನೀರಿನದೋ ನೋಡಿದರೆ ಮುಂದೇನಾಗಬೇಕು ಎಂಬುದೂ ಸಿಕ್ಕಿತು. ಚಿತ್ರವೇ ಭೂಮಿ, ಬೇರೆ ನಕ್ಷೆ ಬೇಡ. ಫ್ಯಾಮಿಕಾಮ್‌ನ ಪ್ರೊಸೆಸರ್ 6502ರ ವಂಶದ್ದು, ಅದಕ್ಕೆ ಗುಣಾಕಾರ ಭಾಗಾಕಾರದ ಆದೇಶಗಳೇ ಇಲ್ಲ. ಅಲ್ಲಿ ಮೂರು ಮನೆ ಸರಿಸುವುದರಲ್ಲಿ ಕೆಲಸ ಮುಗಿದರೆ ಅದು ಸಣ್ಣ ಉಳಿತಾಯವಲ್ಲ.

ಕೋಲುಗಳ ಬಗ್ಗೆ ಹೆಚ್ಚಿನವರು ಗಮನಿಸದ ಒಂದು ವಿಷಯವಿದೆ. ಈ ಯಂತ್ರ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ಚಿತ್ರಕ್ಕೊಮ್ಮೆ ಬಟನ್ ನೋಡುತ್ತದೆ. ಸುಮಾರು 16.7 ಮಿಲಿಸೆಕೆಂಡಿಗಿಂತ ಸಣ್ಣ ಕಾಲ ಅದರ ಪಾಲಿಗೆ ಇಲ್ಲ. ಲೆಕ್ಕಕ್ಕೆ ಸುಲಭವಾಗಲಿ ಎಂದು ಪಟ್ಟಿ ತುಂಬಲು 60 ಫ್ರೇಮ್ (ಅಂದರೆ 60 ಚಿತ್ರ) ಬೇಕು, ದೊಡ್ಡ ಕೋಲಿನ ಪೂರ್ತಿ ದೂರ 240 ಗಜ ಎಂದುಕೊಳ್ಳಿ. ಆಗ ಒಂದು ಫ್ರೇಮ್‌ಗೆ 4 ಗಜ. ನೀವೆಷ್ಟೇ ನುರಿತವರಾದರೂ 4 ಗಜಕ್ಕಿಂತ ಸೂಕ್ಷ್ಮವಾಗಿ ಹೊಡೆಯಲಾರಿರಿ. ಅದೇ ಪಟ್ಟಿಗೆ 60 ಗಜದ ಕೋಲು ಹಿಡಿದರೆ ಒಂದು ಫ್ರೇಮ್‌ಗೆ 1 ಗಜ. ಟಿವಿ ಗಾಲ್ಫ್‌ನಲ್ಲಿ ಕೋಲು ಬದಲಿಸುವುದೆಂದರೆ ಕಾಲವನ್ನು ದೂರಕ್ಕೆ ಬದಲಿಸುವ ಅಳತೆಗೋಲನ್ನೇ ಬದಲಿಸುವುದು. ಹೊಸಬರು ದೊಡ್ಡ ಕೋಲು ಹಿಡಿದು ಕಾಲುಭಾಗ ಬಲದಲ್ಲಿ ನಿಲ್ಲಿಸಲು ಹೋಗಿ ಕೆಡಿಸಿಕೊಳ್ಳುತ್ತಾರೆ. ಬೇಕಾದ ದೂರವನ್ನು ಹೆಚ್ಚುಕಡಿಮೆ ಪೂರ್ತಿ ಪಟ್ಟಿಯಲ್ಲಿ ಮುಟ್ಟುವ ಕೋಲನ್ನೇ ಹಿಡಿಯಬೇಕು, ಆಗ ಒಂದು ಫ್ರೇಮ್ ತಪ್ಪಿದರೂ ನಷ್ಟ ಸಣ್ಣದು.

ಗುರುತು ಜಾಗ ಮುಟ್ಟಿದ್ದನ್ನು ಕಂಡು ಒತ್ತುವುದು ಇನ್ನೊಂದು ತಪ್ಪು. ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸಾಮಾನ್ಯ ಮನುಷ್ಯನಿಗೆ 200 ಮಿಲಿಸೆಕೆಂಡಿನ ಮೇಲೆ ಬೇಕು. ಅಂದರೆ 12 ಫ್ರೇಮ್, ಮೇಲಿನ ಲೆಕ್ಕದಲ್ಲಿ 48 ಗಜ. ಕಣ್ಣಿನಿಂದ ಈ ಆಟ ಆಡಲಾಗುವುದಿಲ್ಲ. ಸಂಗೀತ ಕಛೇರಿಯಲ್ಲಿ ತಾಳ ಹಾಕುವವರ ಕೈ ಪೆಟ್ಟನ್ನು ಕೇಳಿದ ಮೇಲೆ ಬೀಳುವುದಿಲ್ಲ, ಪೆಟ್ಟಿನ ಜೊತೆಗೇ ಬೀಳುತ್ತದೆ. ಇಲ್ಲೂ ಹಾಗೆಯೇ ಆಗಬೇಕು. ಅಭ್ಯಾಸ ಮಾಡುವುದಾದರೆ ಒಂದೇ ಹೋಲ್, ಒಂದೇ ಕೋಲು ಇಟ್ಟುಕೊಂಡು, ಮೊದಲ ಒತ್ತಿನಿಂದಲೇ ಮನಸ್ಸಿನಲ್ಲಿ ಸಮನಾಗಿ ಎಣಿಸಲು ಶುರುಮಾಡಿ. ಬಲದ ಒತ್ತು ಯಾವ ಎಣಿಕೆಗೆ, ತಾಗುವ ಒತ್ತು ಯಾವ ಎಣಿಕೆಗೆ ಎಂಬುದು ಕೈಗೆ ಬಂದ ಮೇಲೆ ಕೋಲು ಬದಲಿಸಿ. ಗಾಳಿಯ ಬಾಣ, ಗ್ರೀನ್‌ನ ಇಳಿಜಾರು ಇವನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು. ಒತ್ತುಗಳು ನೆಟ್ಟಗಾಗುವ ಮೊದಲು ಗಾಳಿಯ ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಮಾಡಿದರೂ ಈಗಿನ ಎಲ್‌ಸಿಡಿ ಟಿವಿಯಲ್ಲಿ ಆಟ ಕೈಕೊಡುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಸಿಗ್ನಲ್ ಬಂದಂತೆ ತೋರಿಸುತ್ತಿತ್ತು. ಹೊಸ ಟಿವಿ ಚಿತ್ರವನ್ನು ಹಿಡಿದಿಟ್ಟುಕೊಂಡು, ಹಿಗ್ಗಿಸಿ, ನಯಮಾಡಿ ಆಮೇಲೆ ತೋರಿಸುತ್ತದೆ. 80 ಮಿಲಿಸೆಕೆಂಡ್ ತಡವಾದರೆ ಸುಮಾರು 5 ಫ್ರೇಮ್, 20 ಗಜ. ನೀವು ನೋಡುತ್ತಿರುವ ಗುರುತು ಆಗಲೇ ಹಿಂದಿನದು. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಬಲ ಯಾವಾಗಲೂ ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ, ಚೆಂಡು ಯಾವಾಗಲೂ ಒಂದೇ ಕಡೆಗೆ ಬಾಗುತ್ತಿದ್ದರೆ ತಪ್ಪು ಟಿವಿಯದು. ಎಡಬಲ ಎರಡೂ ಕಡೆ ಚೆದುರುತ್ತಿದ್ದರೆ ತಪ್ಪು ಕೈಯದು. ಖಚಿತವಾಗಿ ಅಳೆಯಬೇಕೆಂದರೆ ಫೋನಿನ ಸ್ಲೋ ಮೋಷನ್ ಕ್ಯಾಮೆರಾವನ್ನು 240 ಫ್ರೇಮ್‌ಗೆ ಇಟ್ಟು, ಬಟನ್ ಮೇಲಿನ ಬೆರಳು ಮತ್ತು ಟಿವಿ ಎರಡೂ ಕಾಣುವ ಹಾಗೆ ಚಿತ್ರಿಸಿ. ಬೆರಳು ತಳ ಮುಟ್ಟಿದ ಚಿತ್ರದಿಂದ ಪರದೆ ಅಲುಗಿದ ಚಿತ್ರದವರೆಗೆ ಎಣಿಸಿ, ಒಂದೊಂದಕ್ಕೆ 4.2 ಮಿಲಿಸೆಕೆಂಡ್ ಹಿಡಿಯಿರಿ. ಪರಿಹಾರಗಳನ್ನು ಈ ಕ್ರಮದಲ್ಲಿ ಮಾಡಿ: ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಲನೆ ನಯಮಾಡುವ ಆಯ್ಕೆ ತೆಗೆಯಿರಿ, ಬ್ಲೂಟೂತ್ ಬಿಟ್ಟು ತಂತಿಯ ಕಂಟ್ರೋಲರ್ ಹಿಡಿಯಿರಿ. ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ) ಆಡುವವರು ಅಂಥದ್ದೇ ಒಂದಾದ ರೆಟ್ರೋಆರ್ಕ್‌ನ ರನ್-ಅಹೆಡ್ ಎಂಬ, ತಡ ತಗ್ಗಿಸುವ ಆಯ್ಕೆಯನ್ನು 1 ಫ್ರೇಮ್‌ಗೆ ಇಟ್ಟು ನೋಡಬಹುದು.

ಕರ್ನಾಟಕದಲ್ಲಿ 1990ರ ದಶಕದಲ್ಲಿ ‘ಟಿವಿ ಗೇಮ್’ ಎಂದು ಮನೆಗೆ ಬಂದ ಯಂತ್ರಗಳು ಹೆಚ್ಚಾಗಿ ಫ್ಯಾಮಿಕಾಮ್‌ನ ನಕಲುಗಳೇ. ನಾವು ‘ಕ್ಯಾಸೆಟ್’ ಎನ್ನುತ್ತಿದ್ದ ಕಾರ್ಟ್ರಿಜ್‌ಗಳಲ್ಲಿ ಹತ್ತಾರು ಆಟಗಳನ್ನು ಒಟ್ಟಿಗೆ ತುಂಬಿರುತ್ತಿದ್ದರು. ಅದಕ್ಕೆ ಆರಿಸಿಕೊಳ್ಳುತ್ತಿದ್ದುದು ಗಾಲ್ಫ್‌ನಂಥ, ಬೇರೆ ಸಹಾಯಕ ಚಿಪ್ ಬೇಡದ, 24 ಕೆಬಿಯಲ್ಲಿ ಮುಗಿಯುವ ಆಟಗಳನ್ನು. ಆಗಿನ ನಮ್ಮ ಟಿವಿಗಳು ಪಾಲ್ ಎಂಬ ಪ್ರಸಾರ ಪದ್ಧತಿಯವು, ಸೆಕೆಂಡಿಗೆ 50 ಚಿತ್ರ. ಅದಕ್ಕೆ ಹೊಂದಿಸಿದ ನಕಲಿನಲ್ಲಿ ಆಟ ಫ್ರೇಮ್ ಎಣಿಸಿಯೇ ನಡೆಯುವುದರಿಂದ 60 ಫ್ರೇಮ್‌ನ ಓಟಕ್ಕೆ 1 ಸೆಕೆಂಡಿನ ಬದಲು 1.2 ಸೆಕೆಂಡ್ ಹಿಡಿಯುತ್ತದೆ. ಆ ನಿಧಾನಕ್ಕೆ ಪಳಗಿದ ಕೈಗೆ ಜಪಾನಿನ ಅಸಲು ವೇಗದ ಆಟ ಕೊಟ್ಟರೆ ಬಲದ ಒತ್ತೂ ತಾಗುವ ಒತ್ತೂ ಎರಡೂ ತಡವಾಗುತ್ತವೆ. ಎಮ್ಯುಲೇಟರ್‌ನ ವಲಯವನ್ನು ಪಾಲ್‌ಗೆ ಬದಲಿಸಿದರೆ ಹಳೆಯ ಲಯ ಬಹುಮಟ್ಟಿಗೆ ಸಿಗುತ್ತದೆ. ಆ ಯಂತ್ರಗಳ ಕೈಹಿಡಿಯಲ್ಲಿ ಟರ್ಬೋ ಬಟನ್ ಇರುತ್ತಿತ್ತು, ಗಾಲ್ಫ್‌ಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒಂದು ಒತ್ತನ್ನು ಅದು ಹಲವು ಒತ್ತಾಗಿ ಕಳಿಸುತ್ತದೆ, ಎರಡನೆಯ ಒತ್ತು ತಕ್ಷಣ ಬಿದ್ದು ಚೆಂಡು ಕಾಲಬುಡದಲ್ಲೇ ಉಳಿಯುತ್ತದೆ. ಟರ್ಬೋ ಮುಟ್ಟದಿದ್ದರೂ ಹಾಗಾಗುತ್ತಿದ್ದರೆ ಬಟನ್ ಅಡಿಯ ಕಪ್ಪು ರಬ್ಬರ್ ಬಿಲ್ಲೆ ಸವೆದು ಅಥವಾ ಕೊಳೆಯಾಗಿ ಒಂದು ಒತ್ತು ಎರಡಾಗಿ ಓದಿಸುತ್ತಿದೆ ಎಂದರ್ಥ. ಕೈಹಿಡಿ ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಬಿಲ್ಲೆಯನ್ನೂ ಕೆಳಗಿನ ಬೋರ್ಡನ್ನೂ ಮೆಲ್ಲಗೆ ಒರೆಸಿ ಒಣಗಿಸಿ. ಕಾರ್ಟ್ರಿಜ್‌ನ ಹಿತ್ತಾಳೆ ಬಣ್ಣದ ಅಂಚಿಗೂ ಇದೇ ಉಪಚಾರ. ಬಾಯಿಂದ ಊದಬೇಡಿ, ಉಸಿರಿನ ತೇವ ಲೋಹವನ್ನು ತಿನ್ನುತ್ತದೆ. ಜಪಾನಿನಿಂದ ಅಸಲು ಫ್ಯಾಮಿಕಾಮ್ ತರಿಸಿಕೊಂಡವರಿಗೆ ಒಂದು ಎಚ್ಚರಿಕೆ: ಅದರ ಅಡಾಪ್ಟರ್ 100 ವೋಲ್ಟಿನದು, ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಯಂತ್ರಕ್ಕೆ ಬೇಕಾದದ್ದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ಪಿನ್ನಿನ ನಡುಭಾಗ ನೆಗೆಟಿವ್. ಈ ಕೊನೆಯದನ್ನು ಉಲ್ಟಾ ಮಾಡಿದರೂ ಕೆಡುತ್ತದೆ.

1984ರ ಕಾರ್ಟ್ರಿಜ್‌ನಲ್ಲಿ ಸ್ಕೋರ್ ಉಳಿಸಿಡುವ ವ್ಯವಸ್ಥೆ ಇರಲಿಲ್ಲ. 1987ರಲ್ಲಿ ಡಿಸ್ಕ್ ರೂಪದಲ್ಲಿ ಬಂದ ‘ಜಪಾನ್ ಕೋರ್ಸ್’ ಮತ್ತು ‘ಯುಎಸ್ ಕೋರ್ಸ್’ ಆಟಗಳು ಆ ಕೊರತೆ ತುಂಬಿದವು. ಆಡಿ ಮುಗಿಸಿದ ಡಿಸ್ಕನ್ನು ಅಂಗಡಿಗೆ ಒಯ್ದು ಅಲ್ಲಿದ್ದ ಡಿಸ್ಕ್ ಫ್ಯಾಕ್ಸ್ ಯಂತ್ರಕ್ಕೆ ಹಾಕಿದರೆ ಸ್ಕೋರ್ ನಿಂಟೆಂಡೋಗೆ ತಲುಪುತ್ತಿತ್ತು. ಜಪಾನಿನ ಉದ್ದಗಲಕ್ಕೂ ಸ್ಪರ್ಧೆ ನಡೆಯಿತು. ಯುಎಸ್ ಕೋರ್ಸ್‌ನ ಸ್ಪರ್ಧೆಗೆ ಬಹುಮಾನವಾಗಿ ಕೊಟ್ಟ ಬಂಗಾರದ ಬಣ್ಣದ ‘ಪಂಚ್-ಔಟ್!!’ ಕಾರ್ಟ್ರಿಜ್ ಇವತ್ತಿಗೂ ಸಂಗ್ರಾಹಕರು ಹುಡುಕುವ ವಸ್ತು.

ಇವಾಟಾ 2015ರ ಜುಲೈ 11ರಂದು ತೀರಿಕೊಂಡರು. 2017ರಲ್ಲಿ ಬಂದ ನಿಂಟೆಂಡೋ ಸ್ವಿಚ್ ಯಂತ್ರದೊಳಗೆ ಅವರ ‘ಗಾಲ್ಫ್’ ಯಾರಿಗೂ ಹೇಳದೆ ಅಡಗಿತ್ತು. ಯಂತ್ರದ ದಿನಾಂಕ ಜುಲೈ 11 ಆಗಿರುವಾಗ, ಬಿಡಿಸಿದ ಎರಡು ಜಾಯ್-ಕಾನ್ ಕೈಹಿಡಿಗಳನ್ನು ಹಿಡಿದು, ಇವಾಟಾ ತಮ್ಮ ವಿಡಿಯೋಗಳಲ್ಲಿ ಎರಡೂ ಕೈ ಮುಂದೆ ಚಾಚುತ್ತಿದ್ದ ಭಂಗಿಯನ್ನು ಮಾಡಿದರೆ ಆಟ ತೆರೆದುಕೊಳ್ಳುತ್ತಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇದು ಬಯಲಾಯಿತು, 4.0.0 ಅಪ್‌ಡೇಟ್‌ನಲ್ಲಿ ಅದನ್ನು ತೆಗೆದುಹಾಕಿದರು.

ಆ ಹೋಲ್‌ಗಳು ಮಾತ್ರ ಬೇರೆ ಕಡೆ ಬಹಿರಂಗವಾಗಿಯೇ ಬದುಕಿವೆ. ನಿಂಟೆಂಡೋದ ವೀ ಯಂತ್ರಕ್ಕೆ 2006ರಲ್ಲಿ ಬಂದ ‘ವೀ ಸ್ಪೋರ್ಟ್ಸ್’ ಆಟದಲ್ಲಿ ಗಾಲ್ಫ್‌ನ ಒಂಬತ್ತು ಹೋಲ್‌ಗಳಿವೆ, ಅವನ್ನು ತೆಗೆದುಕೊಂಡಿರುವುದು 1984ರ ಆಟದಿಂದ. ಮೇಲಿನಿಂದ ಕಾಣುತ್ತಿದ್ದ ಹಸಿರು ಬಿಲ್ಲೆಗಳ ನಕ್ಷೆ ಅಲ್ಲಿ ಮರ, ನೀರು, ಇಳಿಜಾರು ಇರುವ ಮೂರು ಆಯಾಮದ ನೆಲವಾಗಿದೆ. ಎರಡನ್ನೂ ಪಕ್ಕಪಕ್ಕದಲ್ಲಿ ಆಡಿ ನೋಡುವುದು ಈ ವಿಷಯದಲ್ಲಿ ಆಸಕ್ತಿ ಇರುವವರಿಗೆ ಒಳ್ಳೆಯ ಪಾಠ. ವೀ ರಿಮೋಟ್‌ನಲ್ಲಿ ವೇಗದ ಬದಲಾವಣೆ ಅಳೆಯುವ ಸೆನ್ಸರ್ ಇದೆ, ಬಟನ್‌ಗೆ ಇಲ್ಲದ ‘ಎಷ್ಟು’ ಅದಕ್ಕೆ ನೇರವಾಗಿ ತಿಳಿಯುತ್ತದೆ. ಆದರೂ ಪರದೆಯ ಬದಿಯಲ್ಲಿ ಬಲದ ಪಟ್ಟಿ ಹಾಗೆಯೇ ಇದೆ. ಬೀಸು ಪಟ್ಟಿಯ ತುದಿ ದಾಟಿದರೆ ಚೆಂಡು ಬಾಗಿಹೋಗುತ್ತದೆ. ಮೂರನೆಯ ಒತ್ತಿನ ಕೆಲಸವನ್ನು ಅಲ್ಲಿ ಅತಿಬಲದ ದಂಡ ಮಾಡುತ್ತದೆ. ನನ್ನ ಪ್ರಕಾರ ಮೂರು ಒತ್ತುಗಳ ಏರ್ಪಾಡೇ ಹೆಚ್ಚು ನ್ಯಾಯದ್ದು. ರಿಮೋಟ್ ಬೀಸಿದಾಗ ಚೆಂಡು ಬಾಗಿದರೆ ಕೈ ಎಷ್ಟು ಹೆಚ್ಚಾಯಿತು ಎಂಬುದು ಮಂಜಾಗಿಯೇ ಉಳಿಯುತ್ತದೆ. ಪಟ್ಟಿಯ ಮೇಲಾದರೆ ಗುರುತು ನಿಂತ ಜಾಗ ಕಣ್ಣೆದುರಿಗಿರುತ್ತದೆ, ಮುಂದಿನ ಹೊಡೆತಕ್ಕೆ ಎಷ್ಟು ಮುಂಚೆ ಒತ್ತಬೇಕೆಂದು ಆಗಲೇ ಗೊತ್ತಾಗಿರುತ್ತದೆ.